ಕೇಳದೆ ಹಾಕಿದ ಫೋಟೋ

ನನ್ನ ಗಂಡನಿಗೆ ಒಂದು ಚಾಳಿ ಇತ್ತು. ಯಾರ ಫೋಟೋ ತೆಗೆದರೂ ಅವರಿಗೆ ತೋರಿಸದೆ ಪ್ರಿಂಟ್ ಹಾಕುತ್ತಿರಲಿಲ್ಲ. ಅರ್ಜಿಗೆ ಅಂಟಿಸುವ ಚಿಕ್ಕ ಫೋಟೋ ಆದರೂ ಸರಿ, ಸ್ಟೂಲಿನ ಮೇಲೆ ಕೂತವರನ್ನು ಎಬ್ಬಿಸಿ ಕಂಪ್ಯೂಟರಿನ ಮುಂದೆ ನಿಲ್ಲಿಸಿ, "ನೋಡಿ, ಒಪ್ಪಿಗೆನಾ? ಆಮೇಲೆ ಇದು ನಾನಲ್ಲ ಅನ್ನಬಾರದು" ಎನ್ನುತ್ತಿದ್ದರು. ಕೆಲವರು ಮೂಗು ಸರಿಯಿಲ್ಲ ಎನ್ನುವರು, ಕೆಲವರು ಕಿವಿ ದೊಡ್ಡದಾಯಿತು ಎನ್ನುವರು. ಇವರು ಸಿಟ್ಟಾಗದೆ ದೀಪ ತಿರುಗಿಸಿ ಇನ್ನೊಂದು ತೆಗೆಯುವರು. ಹಿಂದಿನ ಮೇಜಿನಲ್ಲಿ ಫೋಟೋ ಕತ್ತರಿಸುತ್ತ ಕೂತ ನನಗೆ ಅಷ್ಟು ತಾಳ್ಮೆ ಇರಲಿಲ್ಲ. "ರೀ, ಹುಟ್ಟಿನಿಂದ ಬಂದ ಕಿವಿಗೆ ನೀವೇನು ಮಾಡೋಕಾಗತ್ತೆ, ಕಳಿಸಿ ಆಚೆಗೆ" ಎಂದು ಗದರುತ್ತಿದ್ದೆ.

ಎಲ್ಲರ ಕೈಗೂ ಕ್ಯಾಮೆರಾ ಇರುವ ಫೋನು ಬಂದ ಮೇಲೆ ಸ್ಟುಡಿಯೋಗೆ ಬರುವವರು ಕಡಿಮೆಯಾದರು. ಬಿಡುವಿನ ಹೊತ್ತಿಗೆಂದು ಇವರು ಆಗ ಎಲ್ಲರೂ ಬಳಸುತ್ತಿದ್ದ ಆ್ಯಪ್‌ನಲ್ಲಿ ಊರಿನ ಹೆಸರಿನದೊಂದು ಪುಟ ತೆರೆದರು. ಯಾವ ರಸ್ತೆ ಅಗೆದಿದ್ದಾರೆ, ಯಾರ ಬೀಗದ ಕೈ ಕಳೆದಿದೆ ಎಂಬುದರಿಂದ ಶುರುವಾಗಿ ಬರಬರುತ್ತ ದೂರುಗಳೂ ಬರತೊಡಗಿದವು. ಇವರ ಚಾಳಿ ಅಲ್ಲಿಗೂ ಹೋಯಿತು. ಯಾರ ಮೇಲೆ ದೂರೋ ಅವರಿಗೆ ಫೋನು ಮಾಡಿ ಓದಿ ಹೇಳುವರು, "ನಿಮ್ಮ ಮಾತೇನು?" ಎಂದು ಕೇಳುವರು, ಆಮೇಲೆ ಎರಡನ್ನೂ ಒಂದರ ಪಕ್ಕ ಒಂದು ಹಾಕುವರು. ಒಮ್ಮೆ ಒಬ್ಬರು, ಟೈಲರ್ ತಮ್ಮ ಪ್ಯಾಂಟನ್ನು ಸೊಂಟದಲ್ಲಿ ಬಿಗಿ ಮಾಡಿ ಕೆಡಿಸಿದನೆಂದು ದೊಡ್ಡ ಪುರಾಣವನ್ನೇ ಬರೆದರು. ಟೈಲರ್‌ನ ಮಾತು ಒಂದೇ ಸಾಲು: "ಅಳತೆ ಕೊಡುವಾಗ ಹೊಟ್ಟೆ ಒಳಗೆಳ್ಕೊಂಡಿದ್ರು, ಹಾಕ್ಕೊಳ್ಳುವಾಗಲೂ ಹಾಗೇ ಎಳ್ಕೊಳ್ಳಲಿ." ಊರೆಲ್ಲ ನಕ್ಕಿತು. ದೂರು ಬರೆದವರೂ ನಕ್ಕು, ಅದೇ ಟೈಲರ್ ಹತ್ತಿರ ಬಿಚ್ಚಿ ಹೊಲಿಸಿಕೊಂಡರು.

ನಿಧಾನ, ಅದು ನಿಜ. ಆ ಕಡೆಯವರು ಫೋನು ಎತ್ತದಿದ್ದರೆ ದೂರು ಕಾಯಬೇಕಿತ್ತು. ಬೈಗುಳ ಇದ್ದರೆ "ಬೈಗುಳ ತೆಗೆದು ವಿಷಯ ಕಳಿಸಿ" ಎಂದು ವಾಪಸ್ಸು ಹೋಗುತ್ತಿತ್ತು. ಆದರೆ ಪುಟದಲ್ಲಿ ಬಂದದ್ದನ್ನು ಜನ ನಂಬುತ್ತಿದ್ದರು. ಇವರು ಸ್ಟುಡಿಯೋ ಬಾಗಿಲಲ್ಲಿ ನಿಂತರೆ ಕೈ ಎತ್ತದೆ ಹೋಗುವವರೇ ಇರಲಿಲ್ಲ. ಅದು ಇವರ ತಲೆಗೂ ಸ್ವಲ್ಪ ಏರಿತ್ತು, ಸುಳ್ಳೇಕೆ ಹೇಳಲಿ.

ಎದುರು ಸಾಲಿನಲ್ಲಿ ಮೊಬೈಲ್ ಅಂಗಡಿ ಇಟ್ಟವನನ್ನು ಎಲ್ಲರೂ ಚಾರ್ಜರ್ ಎಂದೇ ಕರೆಯುತ್ತಿದ್ದರು. ಫೋನಿನಲ್ಲಿ ಏನು ಕೆಟ್ಟಿದೆ ಎಂದು ಹೋದರೂ "ಮೊದಲು ಚಾರ್ಜರ್ ಬದಲಿಸಿ ನೋಡಿ" ಎನ್ನುವ ಆಸಾಮಿ. ಹೊಸದೊಂದು ಆ್ಯಪ್ ಬಂದಾಗ ಅವನು ಅದರಲ್ಲಿ ಊರಿಗೆ ಇನ್ನೊಂದು ಪುಟ ತೆರೆದ. ಆ ಕಂಪನಿಯ ಜಾಹೀರಾತೇ ಹಾಗಿತ್ತು: ಇಲ್ಲಿ ನಿಮ್ಮ ಬಾಯಿಗೆ ಬೀಗ ಹಾಕುವವರಿಲ್ಲ. ಅನ್ನಿಸಿದ್ದನ್ನು ಅನ್ನಿಸಿದ ಕ್ಷಣವೇ ಹಾಕಬಹುದು, ಯಾರೂ ತಡೆಯುವುದಿಲ್ಲ, ಹಾಕಿದ್ದನ್ನು ಯಾರೂ ತೆಗೆಯುವುದಿಲ್ಲ.

ಒಂದು ಸಂಜೆ ಚಾರ್ಜರ್ ಸ್ಟುಡಿಯೋಗೇ ಬಂದು ಸ್ಟೂಲಿನ ಮೇಲೆ ಕೂತ.

"ಏನ್ ಸಾರ್, ಇನ್ನೂ ಫೋನ್ ಮಾಡಿ ಮಾಡಿ ಪರ್ಮಿಷನ್ ಕೇಳ್ತಿದ್ದೀರಾ? ಕಳ್ಳನಿಗೆ ಫೋನ್ ಮಾಡಿ, ನೀನು ಕದ್ದದ್ದು ಹಾಕ್ಲಾ ಅಂದ್ರೆ ಏನಂತಾನೆ?"

"ಕದ್ದವನೂ ಕದ್ದಿಲ್ಲ ಅಂತಾನೆ, ಕದೀದೇ ಇರೋನೂ ಕದ್ದಿಲ್ಲ ಅಂತಾನೆ. ಎರಡೂ ಮಾತು ಹಾಕಿದ್ರೆ ಓದೋರು ತೂಗಿ ನೋಡ್ತಾರೆ" ಎಂದರು ಇವರು.

"ತೂಗೋಕೆ ಯಾರಿಗಿದೆ ಸಾರ್ ಪುರುಸೊತ್ತು? ಮಾತಾಡೋ ಹಕ್ಕು ಎಲ್ಲರಿಗೂ ಇದೆ. ಮಧ್ಯದಲ್ಲಿ ಗೇಟ್ ಹಾಕೋಕೆ ನೀವ್ಯಾರು?"

ನನಗೆ ತಡೆಯಲಾಗಲಿಲ್ಲ. "ಗೇಟ್ ಬೇಡ ಅನ್ನೋನು ನಿನ್ನ ಅಂಗಡಿಗೆ ಶಟರ್ ಯಾಕಪ್ಪಾ ಹಾಕ್ಸಿದ್ದೀಯ?" ಎಂದೆ.

"ಮೇಡಂ ಹತ್ರ ಮಾತಿಗೆ ನಿಲ್ಲೋಕಾಗಲ್ಲ" ಎಂದು ನಗುತ್ತ ಎದ್ದು ಹೋದ.

ಅವನು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಆಸ್ಪತ್ರೆಯ ಲಿಫ್ಟ್ ಕೆಟ್ಟು ಕೂತಿದೆ ಎಂಬ ದೂರನ್ನು, ಆಸ್ಪತ್ರೆಯವರ ಉತ್ತರ ಬರಲಿಲ್ಲವೆಂದು ಇವರು ವಾರಗಟ್ಟಲೆ ಇಟ್ಟುಕೊಂಡಿದ್ದರು. ಚಾರ್ಜರ್ ಪುಟದಲ್ಲಿ ಅದು ಬಂದ ಮಾರನೆಯ ದಿನವೇ ಲಿಫ್ಟ್ ರಿಪೇರಿಯಾಯಿತು. ಜನ ಅದನ್ನು ನೋಡಿದರು. ಒಬ್ಬೊಬ್ಬರಾಗಿ ಆ ಕಡೆ ಹೋದರು.

ಜನ ಹರಿದುಹೋಗುವುದನ್ನು ಕಂಡು ಹಳೆಯ ಆ್ಯಪ್‌ನ ಕಂಪನಿಯೂ ಗಾಬರಿಬಿತ್ತು. ಬರಹಗಳನ್ನು ಓದಿ ನೋಡುತ್ತಿದ್ದ ತನ್ನ ಕೆಲಸಗಾರರನ್ನು ಮನೆಗೆ ಕಳಿಸಿ ಆ ಜಾಗದಲ್ಲಿ ಯಂತ್ರ ಕೂರಿಸಿತು. ಗಳಿಗೆಗೊಂದು ಹಾಕುವ ಪುಟಗಳನ್ನು ಎಲ್ಲರಿಗೂ ತೋರಿಸಿ, ನಿಧಾನದ ಪುಟಗಳನ್ನು ಕೆಳಗೆ ತಳ್ಳಿತು. ಇವರು ಹಾಕಿದ್ದು ಯಾರ ಕಣ್ಣಿಗೂ ಬೀಳದಂತಾಯಿತು. ಊಟದ ಮಧ್ಯೆ ಫೋನು ತೆಗೆದು ನೋಡುವರು, ಕೆಳಗಿಡುವರು, ಮತ್ತೆ ತೆಗೆಯುವರು. ಬಾಗಿಲಲ್ಲಿ ನಿಂತರೆ ಚಾರ್ಜರ್ ಅಂಗಡಿಯ ಮುಂದೆ ಜನ ಗುಂಪುಗೂಡಿ ನಗುವುದು ಕಾಣುತ್ತಿತ್ತು. ಹೆಂಡತಿಯಾಗಿ ಅದನ್ನು ನೋಡುವುದು ನನಗೂ ಕಷ್ಟವಾಗುತ್ತಿತ್ತು.

ಇನ್ನು ಅತ್ತಿಗೆಯ ವಿಷಯ. ಇವರ ಸ್ವಂತ ಅಕ್ಕ. ನಮ್ಮ ಹಿಂದಿನ ಬೀದಿಯ ಎರಡು ಕೋಣೆಯ ಮನೆಯಲ್ಲಿ, ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ಹಗಲೆಲ್ಲ ನೋಡಿಕೊಳ್ಳುತ್ತಿದ್ದರು. ಮದುವೆ ಬೇಡ ಎಂದವರು. ಯಾಕೆ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ, ಅಷ್ಟು ಗಟ್ಟಿ ಹೆಂಗಸು. ಬಾಗಿಲ ಒಳಗೆ ಅಂಗೈಯಗಲದ ಚಪ್ಪಲಿಗಳ ಸಾಲು. ಕಿಟಕಿಯ ಕೆಳಗೆ ಪುಟ್ಟ ಪುಟ್ಟ ಚಾಪೆಗಳು. ಗೋಡೆಯ ಮೇಲೆ ಮಕ್ಕಳ ಕೈ ಎಟಕುವ ಎತ್ತರದ ತನಕ ಬಣ್ಣದ ಗೀಚು, ಅದರ ಮೇಲೆ ಬಿಳಿ ಗೋಡೆ. ಅತ್ತಿಗೆಯನ್ನು ಖಾಲಿ ಸೊಂಟದಲ್ಲಿ ನೋಡಿದ ನೆನಪೇ ನನಗಿಲ್ಲ. ಒಂದು ಮಗು ಸೊಂಟದ ಮೇಲಿದ್ದರೆ ಇನ್ನೊಂದು ಕಾಲಿಗೆ ಜೋತುಬಿದ್ದಿರುತ್ತಿತ್ತು. "ಬಾರೋ ಕಳ್ಳ, ಮೂಗೊರೆಸ್ತೀನಿ" ಎಂದು ಬೈಯುತ್ತಲೇ ಮುದ್ದಿಸುವರು. ಮಕ್ಕಳೆಲ್ಲ ಅವರನ್ನು ದೊಡ್ಡಮ್ಮ ಎನ್ನುತ್ತಿದ್ದವು, ಮಕ್ಕಳ ಅಪ್ಪ ಅಮ್ಮಂದಿರೂ ಹಾಗೇ ಕರೆಯುತ್ತಿದ್ದರು. ಅವರಿಗಿದ್ದದ್ದು ಅದೊಂದೇ. ಬೇರೆ ಏನೂ ಬೇಕಾಗಿಯೂ ಇರಲಿಲ್ಲ.

ಒಂದು ಬೆಳಿಗ್ಗೆ ಇವರ ಫೋನಿಗೆ ದೂರೊಂದು ಬಂತು. ಬರೆದವಳು ಬ್ಯಾಂಕಿನ ಕ್ಯಾಶಿಯರ್, ಅತ್ತಿಗೆಯ ಹತ್ತಿರ ಮಗನನ್ನು ಬಿಡುತ್ತಿದ್ದ ಹುಡುಗಿ. ಜೊತೆಗೆ ಫೋಟೋ. ಪುಟ್ಟ ಕಾಲಿನ ಹಿಂಬದಿಯಲ್ಲಿ ಕೆಂಪಗೆ ಬೆಂದ ಗಾಯ. "ನಿನ್ನೆ ಸಂಜೆ ಸ್ನಾನ ಮಾಡಿಸುವಾಗ ನೋಡಿದೆ. ಮಗು ದಿನವಿಡೀ ಅಲ್ಲೇ ಇತ್ತು. ಅದು ಮಕ್ಕಳನ್ನು ನೋಡಿಕೊಳ್ಳುವ ಮನೆಯೋ, ಸುಡುವ ಮನೆಯೋ?" ಎಂದು ಬರೆದಿದ್ದಳು.

ಇವರ ಬೆರಳು ಅಕ್ಕನ ನಂಬರಿನ ಮೇಲೆ ಹೋಯಿತು. ಅಷ್ಟರಲ್ಲಿ ಚಾರ್ಜರ್ ಪುಟದಲ್ಲಿ ಯಾರೋ ಬರೆದದ್ದು ಕಣ್ಣಿಗೆ ಬಿತ್ತು: "ಸ್ಟುಡಿಯೋದವರ ಅಕ್ಕನ ಮೇಲೇ ದೂರು ಹೋಗಿದೆಯಂತೆ. ನೋಡ್ತಾ ಇರಿ, ಮುಚ್ಚಿ ಹಾಕ್ತಾರೆ." ಅದರ ಕೆಳಗೆ ದೂರನ್ನ ಪುಟಕ್ಕೆ ಹಾಕ್ತಾರೆ, ಹಾಕಲ್ಲ ಎಂದು ಪಂದ್ಯ ಕಟ್ಟುವವರು, ಹಲ್ಲು ಕಿರಿಯುವವರು.

"ಏನ್ ನೋಡ್ತಿದ್ದೀರಿ, ಅತ್ತಿಗೆಗೆ ಫೋನ್ ಮಾಡಿ" ಎಂದೆ.

"ಮಾಡಿದ್ರೆ ಅಕ್ಕ ತಮ್ಮ ಸೇರಿ ಕತೆ ಕಟ್ಟಿದ್ರು ಅಂತಾರೆ."

"ಟೈಲರ್‌ನ ಕೇಳಿದ್ರಲ್ಲ, ಅಕ್ಕನ್ನ ಕೇಳೋಕೇನು ಬಂತು ನಿಮಗೆ?"

"ಟೈಲರ್ ನನ್ನ ಅಕ್ಕ ಅಲ್ಲ ಕಣೇ! ಇವತ್ತು ಇದನ್ನ ಇಟ್ಕೊಂಡು ಕೂತ್ರೆ, ನಾನು ಇಷ್ಟು ವರ್ಷ ಮಾಡಿದ್ದೆಲ್ಲ ನಾಟಕ ಅಂದ್ಬಿಡ್ತಾರೆ. ಅವಳ ಮಾತನ್ನ ಸಂಜೆ ಹಾಕಿದ್ರಾಯ್ತು."

ಅಷ್ಟರಲ್ಲಿ ಫೋಟೋ ತೆಗೆಸಲು ಯಾರೋ ಬಂದರು. ನಾನು ದೀಪ ಹಚ್ಚಿ, ಬಂದವರ ಕಾಲರ್ ಸರಿಮಾಡಿಸಿ ಹಿಂತಿರುಗುವಷ್ಟರಲ್ಲಿ ಇವರು ಹಾಕಿಬಿಟ್ಟಿದ್ದರು. ಕ್ಯಾಶಿಯರ್ ಬರೆದದ್ದು, ಗಾಯದ ಫೋಟೋ, ಮೇಲೆ ತಮ್ಮದೂ ಒಂದು ಸಾಲು: "ನಮ್ಮವರೆಂದು ನಾವು ಮುಚ್ಚಿಡುವುದಿಲ್ಲ."

ಆ ಸಾಲಿಗೆ ಬಿದ್ದ ಚಪ್ಪಾಳೆ ನೋಡಬೇಕಿತ್ತು. ಗಂಡಸು ಎಂದರೆ ಇವನಪ್ಪ ಎಂದವರೆಷ್ಟು, ಇವರಂಥವರು ಇನ್ನೊಬ್ಬರಿದ್ದರೆ ಊರು ಉದ್ಧಾರವಾಗುತ್ತಿತ್ತು ಎಂದವರೆಷ್ಟು. ಬಿಟ್ಟುಹೋದವರೆಲ್ಲ ವಾಪಸ್ಸು ಬಂದರು. ಮೂಲೆಗೆ ಬಿದ್ದಿದ್ದ ಪುಟವನ್ನು ಆ್ಯಪ್ ತಾನೇ ಎತ್ತಿ ಎಲ್ಲರ ಮುಂದೆ ಇಟ್ಟಿತು. ಇವರು ಮಧ್ಯಾಹ್ನದವರೆಗೂ ಫೋನು ಕೆಳಗಿಡಲಿಲ್ಲ. ಇವರ ಕಣ್ಣಿನ ಹೊಳಪು ನೋಡಲಾಗದೆ ನಾನು ಹಿಂದಿನ ಮೇಜಿಗೆ ಹೋಗಿ ಕತ್ತರಿ ಹಿಡಿದೆ.

ಊಟವಾದ ಮೇಲೆ ಅಕ್ಕನಿಗೆ ಫೋನು ಮಾಡಿದರು. ಎತ್ತಲಿಲ್ಲ. ಮತ್ತೆ ಮಾಡಿದರು. "ಕೆಲಸದಲ್ಲಿರಬೇಕು" ಎಂದರು. ನಾನು ಕತ್ತರಿ ಎಸೆದು ಹೊರಟೆ.

ಅತ್ತಿಗೆಯ ಮನೆ ಬಾಗಿಲು ತೆರೆದೇ ಇತ್ತು. ಒಳಗೆ ಒಂದು ಮಗುವಿನ ದನಿಯೂ ಇಲ್ಲ. ಅತ್ತಿಗೆ ನೆಲದ ಮೇಲೆ ಕೂತು ಚಾಪೆ ಮಡಿಸುತ್ತಿದ್ದರು. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸುತ್ತಿದ್ದರು.

"ಎಲ್ಲರೂ ಕರ್ಕೊಂಡು ಹೋದ್ರಾ ಅತ್ತಿಗೆ?"

"ಹೂಂ. ಒಬ್ಬಳಂತೂ ಚಪ್ಪಲಿನೂ ಹಾಕ್ಸಲಿಲ್ಲ. ಊಟ ಮಾಡಿಸ್ತಿದ್ದೆ, ನನ್ನ ಕೈಯಿಂದ ಕಿತ್ಕೊಂಡು ಹೋದ್ಲು ಕಣೆ. ಮಗು ಬಾಯಲ್ಲಿ ತುತ್ತು ಹಾಗೇ ಇತ್ತು."

"ಕ್ಯಾಶಿಯರ್ ಮಗನಿಗೆ ಏನಾಗಿತ್ತು?"

ಅವರು ನನ್ನನ್ನೇ ನೋಡಿದರು. "ಕೇಳ್ಕೊಂಡು ಬಾ ಅಂತ ಅವನು ಕಳಿಸಿದ್ನಾ?"

"ಇಲ್ಲ. ನಾನೇ ಬಂದೆ."

"ಹಾಗಾದ್ರೆ ಹೇಳ್ತೀನಿ. ನಿನ್ನೆ ಬೆಳಿಗ್ಗೆ ಅವರಪ್ಪ ಕರ್ಕೊಂಡು ಬರುವಾಗಲೇ ಗಾಯ ಇತ್ತು. ಬೈಕಿನ ಸೈಲೆನ್ಸರ್ ತಗುಲಿದ್ದು. ಮಗೂನ ಬೈಕಲ್ಲಿ ಕೂರಿಸ್ಬೇಡ ಅಂತ ಹೆಂಡ್ತಿ ಹೇಳಿದ್ಲಂತೆ, ಇವನು ಕೂರಿಸ್ಕೊಂಡು ಬಂದಿದಾನೆ. ಇಳಿಸುವಾಗ ಕಾಲು ತಗುಲಿದೆ. ಮುಲಾಮು ಹಚ್ಚಿದೆ. 'ದೊಡ್ಡಮ್ಮ, ಅವಳಿಗೆ ನೀವು ಹೇಳ್ಬೇಡಿ, ಸಂಜೆ ನಾನೇ ಹೇಳ್ತೀನಿ' ಅಂತ ಕೈ ಹಿಡ್ಕೊಂಡ. ಗಂಡ ಹೆಂಡ್ತಿ ವಿಷಯ, ನನಗ್ಯಾಕೆ, ಆಯ್ತಪ್ಪ ಅಂದೆ."

"ಹೇಳ್ಲಿಲ್ಲ ಆ ಹೇಡಿ! ನೀವಾದ್ರೂ ಬೆಳಿಗ್ಗೆ ಇವರಿಗೊಂದು ಫೋನ್ ಮಾಡ್ಬಾರ್ದಿತ್ತಾ?"

"ನನಗೇನು ಗೊತ್ತು ಇವನು ಹಾಕ್ತಾನೆ ಅಂತ? ಟೈಲರ್‌ನ ಕೇಳ್ದ, ಹಾಲಿನೋನ್ನ ಕೇಳ್ದ, ಕಸದ ಗಾಡಿಯೋನ್ನ ಕೇಳ್ದ." ಅವರು ಚಾಪೆಯನ್ನು ಇನ್ನೊಮ್ಮೆ ಬಿಚ್ಚಿದರು. "ನನ್ನನ್ನ ಒಂದು ಮಾತು ಕೇಳ್ಲಿಲ್ಲ."

ಹುಡುಗನ ಅಪ್ಪನದು ಟೈಲ್ಸ್ ಅಂಗಡಿ. ಅಲ್ಲಿಂದ ನೆಟ್ಟಗೆ ಅಲ್ಲಿಗೇ ಹೋದೆ. ಅವನು ಗಿರಾಕಿಗಳಿಗೆ ಬಚ್ಚಲುಮನೆಯ ಟೈಲು ತೋರಿಸುತ್ತಿದ್ದ.

"ಏನಪ್ಪಾ, ಬೈಕ್ ಚೆನ್ನಾಗಿದ್ಯಾ? ಸೈಲೆನ್ಸರ್ ಬಿಸಿ ಆರಿತಾ?"

ಅವನು ಕೈಯಲ್ಲಿದ್ದ ಟೈಲನ್ನು ಕೆಳಗಿಟ್ಟ. "ಮೇಡಂ, ಸ್ವಲ್ಪ ಮೆತ್ತಗೆ. ಗಿರಾಕಿ ಇದಾರೆ."

"ಇರ್ಲಿ, ಅವರೂ ಕೇಳ್ಲಿ. ಒಬ್ಬ ಹೆಂಗಸಿನ ಬದುಕು ಬೀದಿಗೆ ಬಂದಿದೆ, ನಿನಗೆ ಹೆಂಡ್ತಿ ಭಯಾನಾ? ಬೆಳಿಗ್ಗೆಯಿಂದ ಊರೆಲ್ಲ ಉಗೀತಿದೆ, ನಿನ್ನ ಫೋನು ಸತ್ತಿತ್ತಾ?"

"ಹೇಳ್ಬೇಕು ಅಂತಾನೇ ಇದ್ದೆ ಮೇಡಂ. ಅಷ್ಟರಲ್ಲಿ ಅವಳು ಬರೆದ್ಬಿಟ್ಲು. ಬರೆದ ಮೇಲೆ ಹೇಗೆ ಹೇಳೋದು..."

"ಬಾಯಿಂದ!" ಎಂದು ಕೂಗಿದೆ. ಗಿರಾಕಿಗಳು ಟೈಲು ಬಿಟ್ಟು ನಮ್ಮನ್ನೇ ನೋಡುತ್ತಿದ್ದರು.

ಸಂಜೆ ಅವನು ಸ್ಟುಡಿಯೋಗೆ ಬಂದ. ಹೆಂಡತಿಗೆ ಹೇಳಿಯೇ ಬಂದಿದ್ದನೆಂದು ಕಾಣುತ್ತದೆ, ಒಂದು ಕಿವಿ ಕೆಂಪಗಿತ್ತು. ಅಷ್ಟರಲ್ಲಿ ನಾನು ಇವರಿಗೆ ಎಲ್ಲ ಹೇಳಿಯಾಗಿತ್ತು. ಹೇಳುವಾಗ ಎಷ್ಟು ಬೈಯಬೇಕೆಂದುಕೊಂಡಿದ್ದೆನೋ ಅದರಲ್ಲಿ ಅರ್ಧವನ್ನೂ ಬೈಯಲಾಗಲಿಲ್ಲ. ಇವರು ಗಿರಾಕಿ ಕೂರುವ ಸ್ಟೂಲಿನ ಮೇಲೆ ಕೂತುಬಿಟ್ಟಿದ್ದರು, ನೀಲಿ ಪರದೆಯ ಮುಂದೆ, ಫೋಟೋಕ್ಕೆ ಕೂತವರ ಹಾಗೆ. "ಒಂದು ಫೋನ್ ಕಣೇ" ಎಂದರು. "ಒಂದೇ ಒಂದು ಫೋನ್."

ಹುಡುಗನ ಅಪ್ಪ ಕ್ಯಾಮೆರಾ ಮುಂದೆ ನಿಂತು ನಡೆದದ್ದನ್ನೆಲ್ಲ ಹೇಳಿದ. ಇವರು ಬೆಳಗಿನದನ್ನು ಅಳಿಸಿ, ಕ್ಯಾಶಿಯರ್ ದೂರನ್ನೂ ಫೋಟೋವನ್ನೂ ಒಂದು ಕಡೆ, ಅವಳ ಗಂಡನ ಮಾತನ್ನು ಇನ್ನೊಂದು ಕಡೆ ಇಟ್ಟು ಹೊಸದಾಗಿ ಹಾಕಿದರು. ಕೆಳಗೆ ತಮ್ಮ ತಪ್ಪನ್ನೂ ಒಪ್ಪಿಕೊಂಡರು.

ಹಾಕಿದ ಸ್ವಲ್ಪ ಹೊತ್ತಿಗೆ ಅದು ಮಾಯ. ಆ್ಯಪ್‌ನ ಯಂತ್ರ ತೆಗೆದುಹಾಕಿತ್ತು. ಮಗುವಿನ ಮೈಮೇಲಿನ ಗಾಯ ತೋರಿಸುವುದು ನಿಯಮಕ್ಕೆ ವಿರುದ್ಧವಂತೆ. ಅದೇ ಫೋಟೋ ಬೆಳಿಗ್ಗೆಯಿಂದ ಊರೆಲ್ಲ ಸುತ್ತುವಾಗ ಆ ಯಂತ್ರ ಎಲ್ಲಿ ಮಲಗಿತ್ತೋ. ಬೆಳಿಗ್ಗೆ ಎತ್ತಿ ಎಲ್ಲರ ಮುಂದೆ ಇಟ್ಟದ್ದೂ ಅದೇ ಯಂತ್ರ. ಇವರು ಮನವಿ ಬರೆದರು. ಬರೆದು ಕಣ್ಣು ಮಿಟುಕಿಸುವುದರೊಳಗೆ ಉತ್ತರ: ನಿಮ್ಮ ಮನವಿಯನ್ನು ಪರಿಶೀಲಿಸಲಾಗಿದೆ. ಪರಿಶೀಲಿಸಿದರಂತೆ, ಅವರಜ್ಜಿ ತಲೆ! ಫೋಟೋ ಬಿಟ್ಟು ಬರೀ ಅಪ್ಪನ ಮಾತನ್ನು ಹಾಕಿದರು. ಅದು ಉಳಿಯಿತು. ಆದರೆ ಬೈಕು, ಸೈಲೆನ್ಸರ್ ಎಂಬ ಕತೆ ಯಾರಿಗೆ ಬೇಕು? ನೋಡಿದವರು ನಮ್ಮ ನೆಂಟರು, ಟೈಲರ್, ಇನ್ನೊಬ್ಬರು ಮತ್ತೊಬ್ಬರು.

ಅತ್ತ ಬೆಳಗಿನದರ ನಕಲು ಚಾರ್ಜರ್ ಪುಟದಲ್ಲಿ ಹಾಗೇ ಇತ್ತು. ಅದರಲ್ಲಿ ಗಾಯವಾದದ್ದು ಒಂದು ಮಗುವಿಗಲ್ಲ, ಮೂವರಿಗೆ ಎಂದು ಯಾರೋ ಸೇರಿಸಿದ್ದರು. ಇವರು ರಸ್ತೆ ದಾಟಿ ಅವನ ಅಂಗಡಿಗೆ ಹೋದರು. ಅಷ್ಟು ದಿನದಲ್ಲಿ ಮೊದಲ ಸಲ. ನಾನೂ ಹಿಂದೆ ಹೋದೆ.

"ಅದನ್ನ ತೆಗೆದ್ಬಿಡಪ್ಪ. ಸುಳ್ಳು ಅಂತ ಮಗುವಿನ ಅಪ್ಪನೇ ಹೇಳಿದಾನೆ."

ಚಾರ್ಜರ್ ನಗಲಿಲ್ಲ. ನಿಜವಾಗಿ ಪೇಚಿಗೆ ಸಿಕ್ಕವನ ಹಾಗೆ ಕತ್ತು ತುರಿಸಿಕೊಂಡ. "ಸಾರ್, ಇಲ್ಲಿ ಯಾವುದನ್ನೂ ತೆಗೆಯಲ್ಲ ಅಂತ ಹೇಳಿಯೇ ಜನರನ್ನ ಕರೆದಿದ್ದೀನಿ. ಇವತ್ತು ನಿಮಗೆ ಅಂತ ತೆಗೆದ್ರೆ ನಾಳೆ ಎಲ್ಲರೂ ಬರ್ತಾರೆ. ನಿಮ್ಮ ಮಾತೂ ಹಾಕಿ, ಬೇಡ ಅಂದೋರ್ಯಾರು?"

"ಹಾಕಿದ್ರೆ ಯಾರು ಓದ್ತಾರೆ?"

"ಅದು ನನ್ನ ಕೈಯಲ್ಲಿಲ್ಲವಲ್ಲ ಸಾರ್." ಆಮೇಲೆ ಹೇಳಿದ: "ಒಂದ್ಮಾತು ಹೇಳ್ಲಾ? ಜನ ನಂಬಿದ್ದು ನನ್ನ ಪುಟದಲ್ಲಿದೆ ಅಂತಲ್ಲ. ನೀವು ಹಾಕಿದ್ರಿ ಅಂತ. ಸ್ಟುಡಿಯೋದವರು ಸುಮ್ನೆ ಹಾಕಲ್ಲ, ವಿಚಾರಿಸಿಯೇ ಹಾಕಿರ್ತಾರೆ ಅಂತ."

ಅವನಿಗೆ ನಾಲ್ಕು ಬಿಗಿಯಬೇಕೆಂದು ಹೋಗಿದ್ದ ನಾನು ಇವರ ತೋಳು ಹಿಡಿದು ವಾಪಸ್ಸು ಕರೆದುಕೊಂಡು ಬಂದೆ. ಇವರು ಅವನ ಪುಟದಲ್ಲೂ ಬರೆದರು. "ಅಕ್ಕನಿಗೋಸ್ಕರ ಮಗುವಿನ ಅಪ್ಪನ ಕೈಲಿ ಸುಳ್ಳು ಹೇಳಿಸಿದ್ದಾರೆ" ಎಂಬ ಮಾತು ಕೆಳಗೆ ಬಂತು. ಆಮೇಲೆ ಅಂಥದ್ದೇ ಹತ್ತಾರು.

ಅಕ್ಕನ ಮನೆಗೆ ಹೋಗಲು ಇವರಿಗೆ ಕಾಲೇ ಬರಲಿಲ್ಲ. ಇವತ್ತು, ನಾಳೆ ಎಂದು ದಿನ ತಳ್ಳಿದರು. ಕೊನೆಗೊಂದು ಬೆಳಿಗ್ಗೆ ನಾನೇ ಎಳೆದುಕೊಂಡು ಹೋದೆ. ಅತ್ತಿಗೆ ಬಕೆಟ್ಟಿನಲ್ಲಿ ನೀರಿಟ್ಟುಕೊಂಡು ಗೋಡೆಯ ಮೇಲಿನ ಗೀಚನ್ನು ಬಟ್ಟೆಯಿಂದ ಉಜ್ಜುತ್ತಿದ್ದರು. ತಮ್ಮನನ್ನು ನೋಡಿ, "ಬಾ, ಕೂತ್ಕೋ. ತಿಂಡಿ ಆಯ್ತಾ?" ಎಂದರು. ಬೈದಿದ್ದರೆ ವಾಸಿಯಿತ್ತು.

"ಅಕ್ಕಾ, ತಪ್ಪಾಯ್ತು."

"ಹೂಂ ಕಣೋ."

"ಎಲ್ಲರಿಗೂ ಹೇಳಿದ್ದೀನಿ. ಮನೆ ಮನೆಗೆ ಹೋಗಿ ಹೇಳ್ತೀನಿ ಬೇಕಾದ್ರೆ."

"ಹೇಳು" ಎಂದು ಉಜ್ಜುವುದನ್ನು ಮುಂದುವರಿಸಿದರು.

ಅಷ್ಟರಲ್ಲಿ ಬಾಗಿಲಲ್ಲಿ ಕ್ಯಾಶಿಯರ್ ಬಂದು ನಿಂತಳು. ಭುಜಕ್ಕೆ ಬ್ಯಾಂಕಿನ ಬ್ಯಾಗು, ಕೈಯಲ್ಲಿ ಮಗ. ಕಣ್ಣು ಊದಿತ್ತು. "ದೊಡ್ಡಮ್ಮ, ನನ್ನ ಮೇಲೆ ಎಷ್ಟು ಸಿಟ್ಟಿದ್ರೂ ಬೈದ್ಬಿಡಿ. ಗಾಯ ನೋಡಿ ತಲೆ ಕೆಟ್ಟುಹೋಯ್ತು ನನಗೆ. ಇವನನ್ನ ಬೇರೆ ಕಡೆ ಬಿಟ್ಟು ನೋಡ್ದೆ, ನಿಲ್ತಾನೇ ಇಲ್ಲ, ನಿಮ್ಮನ್ನೇ ಕೇಳ್ತಾನೆ" ಎಂದಳು.

"ತಾಯಿ ಅಲ್ವೇನಮ್ಮ, ತಲೆ ಕೆಡದೆ ಇರತ್ತಾ? ನಿನ್ನ ಮೇಲೆ ನನಗೇನೂ ಸಿಟ್ಟಿಲ್ಲ" ಎಂದರು ಅತ್ತಿಗೆ.

ಹುಡುಗ ಅಮ್ಮನ ಕೈ ಬಿಡಿಸಿಕೊಂಡು ಓಡಿಬಂದ. ಅತ್ತಿಗೆಯ ಮುಂದೆ ನಿಂತು, ಎತ್ತಿಕೋ ಎಂದು ಎರಡೂ ಕೈ ಮೇಲೆತ್ತಿದ.

ಅತ್ತಿಗೆ ಬಗ್ಗಿದರು. ಬಗ್ಗಿದವರು ಅರ್ಧದಲ್ಲೇ ನಿಂತು, ಒದ್ದೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ಇಲ್ಲಮ್ಮ, ಕರ್ಕೊಂಡು ಹೋಗು" ಎಂದರು. "ಈ ಮನೇಲಿ ಮಕ್ಕಳು ಬೀಳದೇ ಇರೋ ದಿನ ಇಲ್ಲ. ಬಿದ್ರೆ ಓಡಿಹೋಗಿ ಎತ್ಕೊಳ್ತಿದ್ದೆ. ಇನ್ಮೇಲೆ ಬಿದ್ರೆ ನಾನು ಮೊದಲು ಬಾಗಿಲ ಕಡೆ ನೋಡ್ತೀನಿ, ಯಾರಾದ್ರೂ ನೋಡಿದ್ರಾ ಅಂತ. ಅಂಥವಳ ಕೈಗೆ ಮಗು ಕೊಡಬಾರದು."

"ಅಕ್ಕಾ..." ಎಂದರು ಇವರು.

ಅತ್ತಿಗೆ ಇವರ ಕಡೆ ತಿರುಗಲಿಲ್ಲ. ಹುಡುಗನ ಕೈ ಇನ್ನೂ ಮೇಲೆಯೇ ಇತ್ತು. "ನೀನಾದ್ರೂ ಎತ್ಕೊಳೆ, ಎಷ್ಟೊತ್ತು ಹಾಗೇ ನಿಲ್ಲತ್ತೆ ಪಾಪ" ಎಂದು ನನಗೆ ಹೇಳಿದರು.

ನಾನು ಎತ್ತಿಕೊಂಡೆ. ಅದು ನನ್ನ ಭುಜ ಹಿಡಿದು ಹಿಂದಕ್ಕೆ ವಾಲಿ, ಅವರ ಕಡೆಗೇ ಕೈ ಚಾಚುತ್ತಿತ್ತು. ಅದರ ಅಮ್ಮನ ಕೈಗೆ ಕೊಡುವವರೆಗೂ ಚಾಚುತ್ತಲೇ ಇತ್ತು. ಅತ್ತಿಗೆ ಬಟ್ಟೆ ಹಿಂಡಿ, ಬಕೆಟ್ ಎತ್ತಿಕೊಂಡು ಒಳಗೆ ಹೋದರು.